ಮನೆಯ ಕದರು, ಮೆಡ್ಲೇರಿಯ ಮಗ್ಗ

ದೇವರಗುಡ್ಡದ ಮಾಲತೇಶನ ಜಾತ್ರೆಗೆ ಹೋದವರು ಗೊರವಯ್ಯನನ್ನು ನೋಡೇ ಇರುತ್ತೀರಿ. ಕೈಯಲ್ಲಿ ಡಮರುಗ, ಮೈಮೇಲೆ ಕರಿ ಕಂಬಳಿಯ ನಿಲುವಂಗಿ. ಆ ಉಣ್ಣೆ ಅಂಗಿ ಕಂಡಾಗಲೆಲ್ಲ ನಮಗೆ ಸ್ಕಾಟ್ಲೆಂಡಿನ ಕಿಲ್ಟ್ ನೆನಪಾಗುತ್ತದೆ. ಅಲ್ಲಿನ ಗಂಡಸರು ಸೊಂಟಕ್ಕೆ ಸುತ್ತುವ ನೆರಿಗೆಯ ಉಣ್ಣೆ ಬಟ್ಟೆ ಅದು. ಮೊದಲಿಗೆ ಅದೂ ಒಂದು ಕಂಬಳಿಯೇ. ಗುಡ್ಡಗಾಡಿನವರು ಹಗಲು ಅದನ್ನು ಸೊಂಟಪಟ್ಟಿ ಬಿಗಿದು ಉಡುತ್ತಿದ್ದರು, ರಾತ್ರಿ ಅದನ್ನೇ ಹೊದ್ದು ಮಲಗುತ್ತಿದ್ದರು. ನಮ್ಮ ಕುರಿಗಾರ ಮಳೆಗೆ ಕೊಪ್ಪೆ ಹಾಕಿ, ರಾತ್ರಿ ಅದನ್ನೇ ಹಾಸಿಕೊಂಡ ಹಾಗೆ.

ಈಗ ಆ ದೇಶದಲ್ಲಿ ಕಿಲ್ಟ್ ಹೊಲಿಯುವ ಕಸುಬುದಾರರು ಬೇರೆ, ಖುಷಿಗಾಗಿ ಹೊಲಿಯುವವರು ಬೇರೆ. ನಮ್ಮ ಕಂಬಳಿಯಲ್ಲಿ ಈ ಗೆರೆ ಎಲ್ಲಿತ್ತು?

ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಕಂಬಳಿಗೆ ಹೆಸರಾದ ಊರು. ಅಲ್ಲಿನ ನೇಕಾರನನ್ನು ಕಸುಬುದಾರ ಅನ್ನಲು ಯಾರಿಗೂ ಅನುಮಾನವಿಲ್ಲ. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಎಷ್ಟು ಹಿಡಿಯಬೇಕು ಎಂದು ಅವನ ಬೆರಳಿಗೆ ಗೊತ್ತು. ಗಂಜಿ ಕಡಿಮೆಯಾದರೆ ಎಳೆ ಹರಿಯುತ್ತದೆ, ಹೆಚ್ಚಾದರೆ ಕಂಬಳಿ ಹಲಗೆಯಂತಾಗುತ್ತದೆ. ಮನೆಮಟ್ಟಿಗೆ ನೇಯುವವನೂ ಒಂದು ಒಳ್ಳೆ ಕಂಬಳಿ ನೇಯಬಹುದು. ಆದರೆ ಹತ್ತನೆಯದೂ ಮೊದಲಿನದರಂತೆ ಅಂಚು ಸೊಟ್ಟಗಾಗದೆ, ಹೇಳಿದ ದಿನಕ್ಕೆ ಬರಬೇಕೆಂದರೆ ಕಸುಬುದಾರನೇ ಬೇಕು.

ಆದರೆ ಆ ಮಗ್ಗಕ್ಕೆ ನೂಲು ಬರುತ್ತಿದ್ದದ್ದು ಎಲ್ಲಿಂದ? ಕುರಿ ಹಿಂದೆ ನಡೆಯುತ್ತಲೇ ಕದರು ತಿರುಗಿಸುತ್ತಿದ್ದ ಅಜ್ಜನಿಂದ, ಅಡುಗೆ ಮುಗಿಸಿ ಪಡಸಾಲೆಯಲ್ಲಿ ಕೂತು ನೂಲುತ್ತಿದ್ದ ಅಜ್ಜಿಯಿಂದ. ಒಂದು ಮಗ್ಗ ನಡೆಯಲು ಇಂಥ ಹಲವು ಕೈ ಬೇಕಿತ್ತು. ಮರಿಯ ಮೊದಲ ಕತ್ತರಿಯ ಮೆತ್ತನೆ ಉಣ್ಣೆಯನ್ನು ಬೇರೆ ಇಡುವುದು, ಬಣ್ಣ ಹಾಕದೆಯೇ ಕಪ್ಪಾದದ್ದನ್ನು ಆರಿಸುವುದು, ಹಾಸಿಗೆ ಬಿಗಿಯಾಗಿ, ಹೊಕ್ಕಿಗೆ ಸಡಿಲವಾಗಿ ನೂಲುವುದು, ಎಲ್ಲ ಅವರದೇ ಕೆಲಸ. ಇದಕ್ಕೆ ಕಸುಬು ಎಂಬ ಹೆಸರು ಬರಲಿಲ್ಲ. ಸುಮ್ಮನೆ ಕೂತಾಗ ಮಾಡುವ ಕೆಲಸ ಅಂದುಬಿಟ್ಟೆವು. ನಮ್ಮ ಮನೆಗಳಲ್ಲೂ ಹಾಗೇ ಅನ್ನುತ್ತಿದ್ದರು.

ಸ್ಕಾಟ್ಲೆಂಡಿನಲ್ಲೂ ಹೆಂಗಸರು ಮನೆಯಲ್ಲಿ ನೂತದ್ದನ್ನೇ ಊರ ನೇಕಾರ ನೇಯುತ್ತಿದ್ದ. ದಂಗೆಯ ನಂತರ 1746ರ ಕಾಯ್ದೆ ಈ ಉಡುಪನ್ನೇ ನಿಷೇಧಿಸಿತು, 1782ರಲ್ಲಿ ನಿಷೇಧ ಹೋಯಿತು. ಆದರೆ ಸೈನ್ಯದ ಪಡೆಗಳಿಗೆ ಈ ನಿಷೇಧ ಇರಲಿಲ್ಲ. ಸೈನ್ಯಕ್ಕೆ ಬಟ್ಟೆ ಒದಗಿಸಿಯೇ ಬ್ಯಾನಕ್‌ಬರ್ನ್ ಊರಿನ ವಿಲ್ಸನ್ ಮನೆತನ ದೊಡ್ಡದಾಯಿತು. ಕುರುಬರ ಹೊದಿಕೆಯಂತಿದ್ದದ್ದು ದರ್ಜಿಯ ದುಬಾರಿ ಉಡುಪಾಯಿತು. ಕಂಬಳಿಗೆ ಅಂಥ ಯೋಗ ಬರಲಿಲ್ಲ.

ನೂಲುವವರ ಕೂಲಿಯ ಮಾತು ನಮ್ಮ ಕಡೆ ಎದ್ದದ್ದು ಖಾದಿಯ ಕಾಲದಲ್ಲಿ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿ ಜತೆ ದಂಡಿಗೆ ನಡೆದವರು, 1943ರ ಏಪ್ರಿಲ್ 1ರಂದು ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವರು. ಅವರ ತಲೆಮಾರಿಗೆ ಚರಕ ಎಲ್ಲರೂ ಹಿಡಿಯಬೇಕಾದ ವ್ರತ. ಆದರೆ ವ್ರತಕ್ಕೆ ನೂಲುವವರು ಬೇರೆ, ಹೊಟ್ಟೆಗೆ ನೂಲುವವರು ಬೇರೆ. 1935ರಲ್ಲಿ ಗಾಂಧೀಜಿಯೇ, ಎಂಟು ತಾಸು ನೂತವರಿಗೆ 8 ಆಣೆ ಸಿಗಬೇಕು, ಖಾದಿ ತುಟ್ಟಿಯಾದರೂ ಸರಿ ಎಂದರು. ಅಷ್ಟು ಸಿಗಲಿಲ್ಲ, ಆದರೂ ಕೂಲಿ ಏರಿತು. ಹತ್ತಿ ನೂಲಿಗೆ ಬಂದ ಈ ಪ್ರಶ್ನೆ ಉಣ್ಣೆ ನೂಲುವವರ ಪಡಸಾಲೆಗೆ ಬಂದದ್ದನ್ನು ನಾವು ಕೇಳಿಲ್ಲ.

ಈಗ ಕುರಿ ಸಾಕುವುದು ಮಾಂಸಕ್ಕೆ. ಉಣ್ಣೆಗೆ ಕತ್ತರಿಸಿದ ಕೂಲಿಯೂ ಹುಟ್ಟದೆ ಹಲವರು ಹೊಲದ ಬದುವಿನಲ್ಲೇ ಬಿಟ್ಟು ಬರುತ್ತಾರೆ. ಹಳೆ ಉಣ್ಣೆ ಬಟ್ಟೆ ಹರಿದು ಮಾಡಿದ ಪಾಣಿಪತ್ತಿನ ಅಗ್ಗದ ರಗ್ಗು ಸಂತೆಯಲ್ಲೇ ಸಿಗುತ್ತದೆ. ಕದರು ಹಿಡಿದ ಕೈಗಳು ಮೊದಲು ನಿಂತವು. ಆಮೇಲೆ ನೂಲಿಲ್ಲದೆ ಮಗ್ಗ ನಿಂತಿತು. ಮಗ್ಗ ನಿಂತದ್ದು ಮಾತ್ರ ಸುದ್ದಿಯಾಯಿತು, ನಾವೂ ಅದನ್ನೇ ಬರೆದೆವು.

ನಿಮ್ಮ ಮನೆಯ ಅಟ್ಟದ ಮೇಲೆ ಹಳೆ ಕದರು ಇದ್ದರೆ ಕೆಳಗಿಳಿಸಿ. ಅದನ್ನು ತಿರುಗಿಸಿದವರು ಯಾರು, ನೂಲು ಯಾವ ಊರ ಮಗ್ಗಕ್ಕೆ ಹೋಗುತ್ತಿತ್ತು, ಬದಲಿಗೆ ಏನು ಸಿಗುತ್ತಿತ್ತು ಎಂದು ಹಿರಿಯರನ್ನು ಕೇಳಿ ನಮಗೆ ಬರೆಯಿರಿ.