ಹಳೇ ಮೆಟಲ್ ಕೈಗಳ ಹೊಸ ಆಲ್ಬಂ

ಕಳೆದ ಕ್ರಿಸ್ಮಸ್‌ಗೆ ಹಾಡು ಕಲಿಯುವಾಗ ನಮ್ಮ ಗಾನವೃಂದದಲ್ಲಿ ಒಂದು ಸಣ್ಣ ಗಲಾಟೆಯಾಯಿತು. ಗಿಟಾರ್ ನುಡಿಸುವ ಹುಡುಗ ಬೆಂಗಳೂರಿನಿಂದ ಡಿಸ್ಟಾರ್ಷನ್ ಪೆಡಲ್ ಒಂದನ್ನು ತಂದಿದ್ದ. ಕಾಲಲ್ಲಿ ಅದನ್ನು ಒತ್ತಿದ್ದೇ ತಡ, ಅಲ್ಲಿಯವರೆಗೆ ನಯವಾಗಿ ಕೇಳುತ್ತಿದ್ದ ತಂತಿ, ಘಟ್ಟ ಹತ್ತುವ ಲಾರಿಯ ಹಾಗೆ ಗುರ್ರೆಂದಿತು. ಚಿಕ್ಕ ಮಕ್ಕಳು ಚಪ್ಪಾಳೆ ಹೊಡೆದರು. ಹಿಂದಿನ ಬೆಂಚಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು, "ಏನಪ್ಪಾ ಇದು? ಸೈತಾನನ ಸಂಗೀತವನ್ನು ಇಲ್ಲಿಗ್ಯಾಕೆ ತಂದೆ?" ಅಂದರು. ಹುಡುಗನ ಮುಖ ಸಣ್ಣಗಾಯಿತು. ಪೆಡಲ್ ಚೀಲ ಸೇರಿತು. ಆಮೇಲೆ ಎರಡು ವಾರ ಅವನು ಪ್ರಾಕ್ಟೀಸಿಗೇ ಬರಲಿಲ್ಲ.

ಆ ದಿನ ನಾನು ಬಾಯಿ ಬಿಡಲಿಲ್ಲ. ಬಿಡಬೇಕಿತ್ತು. ಅಜ್ಜ ಆಡಿದ ಮಾತು ಹೊಸದೇನಲ್ಲ, ಅದಕ್ಕೆ ನಲವತ್ತು ವರ್ಷಗಳ ಇತಿಹಾಸವಿದೆ. ಆ ಇತಿಹಾಸದ ಒಂದು ಎಳೆ 2015ರಲ್ಲಿ ಬಂದ ಒಂದು ಆಲ್ಬಂವರೆಗೆ ಹೋಗುತ್ತದೆ. ಅದನ್ನು ಹೇಳುವ ಮೊದಲು ನಮ್ಮ ಊರಿನಿಂದಲೇ ಹೊರಡೋಣ.

ಚಿಲಮತ್ತೂರಿನಿಂದ ಕೊಡಿಕೊಂಡ ಚೆಕ್‌ಪೋಸ್ಟಿಗೆ ಬಂದು ಹೈವೇ ಹಿಡಿದರೆ ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ದೇವನಹಳ್ಳಿ, ಹೆಬ್ಬಾಳ. ಅಲ್ಲಿಂದ ಮುಂದೆ ಮೇಖ್ರಿ ಸರ್ಕಲ್. ಅದರ ಪಕ್ಕದಲ್ಲೇ ಅರಮನೆ ಮೈದಾನ. ಮದುವೆ, ವಸ್ತುಪ್ರದರ್ಶನ, ರಾಜಕೀಯ ಸಭೆ ಎಲ್ಲಕ್ಕೂ ಒದಗುವ ಈ ಮೈದಾನವೇ ದಕ್ಷಿಣ ಭಾರತದ ಮೆಟಲ್ ಪ್ರಿಯರಿಗೆ ಜಾತ್ರೆಯ ಬಯಲೂ ಆಯಿತು. 2007ರ ಮಾರ್ಚ್ 17ರಂದು ಇಂಗ್ಲೆಂಡಿನ ಐರನ್ ಮೇಡನ್ ಇಲ್ಲಿ ನುಡಿಸಿತು. ಮರುವರ್ಷ ಮಾರ್ಚ್‌ನಲ್ಲಿ ಅಮೆರಿಕದ ಮೆಗಾಡೆತ್ ಬಂತು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬಂದಾಗ, ಎರಡು ದಿನ ಮುಂಚೆ ಗುರುಗ್ರಾಮದಲ್ಲಿ ಕಾರ್ಯಕ್ರಮ ರದ್ದಾಗಿ ನಿರಾಶರಾದವರೂ ಬೆಂಗಳೂರಿನ ಕಡೆಗೇ ನೋಡುವಂತಾಯಿತು.

ಹೊರಗಿನವರು ಬಂದು ಹೋಗುವ ಮೊದಲೇ ಈ ನೆಲದಲ್ಲಿ ಬೆಳೆದ ತಂಡಗಳಿದ್ದವು. ಅವುಗಳಲ್ಲಿ ಕ್ರಿಪ್ಟೋಸ್ ಹೆಸರನ್ನು ನಮ್ಮ ಹುಡುಗರು ತಿಳಿದಿರಬೇಕು. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ತಂಡದ ಮೊದಲ ಆಲ್ಬಂ 'ಸ್ಪೈರಲ್ ಅಸೆಂಟ್' ಬಂದಿದ್ದು 2004ರಲ್ಲಿ. ಅಂದರೆ ಒಂದು ಆಲ್ಬಂ ಹೊರಬರಲು ಆರು ವರ್ಷ. 2013ರಲ್ಲಿ ಅವರು ಜರ್ಮನಿಯ ವಾಕೆನ್ ಉತ್ಸವದ ವೇದಿಕೆ ಹತ್ತಿದರು. ವಾಕೆನ್ ಅಂದರೆ ದೊಡ್ಡ ನಗರವೇನಲ್ಲ, ಎರಡು ಸಾವಿರದ ಆಸುಪಾಸು ಜನರಿರುವ ಹಳ್ಳಿ. 1990ರಿಂದ ವರ್ಷಕ್ಕೊಮ್ಮೆ ಅಲ್ಲಿ ಈ ಸಂಗೀತದ ಜಾತ್ರೆ ಸೇರುತ್ತದೆ.

ಕ್ರಿಪ್ಟೋಸ್ ಹಾಡುಗಳನ್ನು ಗಮನವಿಟ್ಟು ಕೇಳಿದರೆ ಒಂದು ತಮಾಷೆ ಕಾಣುತ್ತದೆ. ನೋಲನ್ ಲೂಯಿಸ್ ಅವರ ಕಂಠ ಗದರುತ್ತದೆ, ಗಿಟಾರುಗಳು ಮಾತ್ರ ಹಾಡುತ್ತವೆ. ಅವರದೂ ರೋಹಿತ್ ಚತುರ್ವೇದಿ ಅವರದೂ ಎರಡು ಗಿಟಾರ್ ಜೊತೆ ಜೊತೆಯಾಗಿ ಒಂದೇ ರಾಗವನ್ನು ಸ್ವಲ್ಪ ಮೇಲೆ ಕೆಳಗೆ ಹಿಡಿದು ಸಾಗುತ್ತವೆ. ನಮ್ಮ ಗಾನವೃಂದದಲ್ಲಿ ಅಕ್ಕಂದಿರು ಮೇಲಿನ ಸ್ವರ, ಅಣ್ಣಂದಿರು ಕೆಳಗಿನ ಸ್ವರ ಹಿಡಿಯುತ್ತಾರಲ್ಲ, ಹಾಗೆ. 2016ರಲ್ಲಿ ಜರ್ಮನಿಯ ಎಎಫ್ಎಂ ಕಂಪನಿ ಹೊರತಂದ ನಾಲ್ಕನೇ ಆಲ್ಬಂ 'ಬರ್ನ್ ಅಪ್ ದ ಸ್ಕೈ'ಯಲ್ಲಿ ಈ ಹಾಡುಗಾರಿಕೆ ಇನ್ನೂ ಮುಂದೆ ಬಂತು. ವೇಗ ಕಡಿಮೆಯಾಗಿ ಎಪ್ಪತ್ತು, ಎಂಬತ್ತರ ದಶಕದ ಹಾರ್ಡ್ ರಾಕ್‌ನ ನಡೆ ಸೇರಿಕೊಂಡಿತು. ವರ್ಷಗಟ್ಟಲೆ ಮೆಟಲ್ ನುಡಿಸಿದವರು ರಾಗದ ಕಡೆಗೆ ವಾಲುವುದು ಅಲ್ಲಿ ಇಲ್ಲಿ ನಡೆಯುವ ವಿಚಿತ್ರವಲ್ಲ. ಲೋಕದಲ್ಲೆಲ್ಲ ಹೀಗೇ.

ಹೆವಿ ಮೆಟಲ್ ಮತ್ತು ಹಾರ್ಡ್ ರಾಕ್ ಒಂದೇ ಮನೆಯ ಅಣ್ಣತಮ್ಮಂದಿರು. ಗುರ್ರೆನ್ನುವ ಗಿಟಾರ್, ಜೋರಾದ ಡ್ರಮ್ಸ್ ಇಬ್ಬರಿಗೂ ಸೇರಿದ್ದು. ಮೆಟಲ್‌ನಲ್ಲಿ ಗಿಟಾರಿನ ತುಣುಕು, ಅಂದರೆ ರಿಫ್, ಯಜಮಾನ. ಮೆಲೊಡಿಕ್ ಹಾರ್ಡ್ ರಾಕ್‌ನಲ್ಲಿ ಪಲ್ಲವಿ ಯಜಮಾನ. ಎರಡು ಸಲ ಕೇಳಿದರೆ ಮೂರನೇ ಸಲ ನೀವೇ ಜೊತೆಗೆ ಹಾಡಬೇಕು, ಹಾಗಿರಬೇಕು ಪಲ್ಲವಿ. ಭಜನೆಗೂ ಕೀರ್ತನೆಗೂ ಇರುವ ನಿಯಮವೇ ಇದು.

ಈಗ 2008ರ ಅರಮನೆ ಮೈದಾನಕ್ಕೆ ಒಮ್ಮೆ ವಾಪಸ್ ಹೋಗೋಣ. ಆ ಮಾರ್ಚ್‌ನಲ್ಲಿ ಮೆಗಾಡೆತ್ ಜೊತೆ ಬಂದು ಬೇಸ್ ಗಿಟಾರ್ ನುಡಿಸಿದವರು ಜೇಮ್ಸ್ ಲೊಮೆಂಜೊ. ಏಳು ವರ್ಷದ ನಂತರ, 2015ರ ಜನವರಿಯಲ್ಲಿ 'ಓನ್ಲಿ ಟು ರೈಸ್' ಎಂಬ ಆಲ್ಬಂ ಬಂತು. ತಂಡದ ಹೆಸರು ಸ್ವೀಟ್ ಅಂಡ್ ಲಿಂಚ್. ಅದಕ್ಕೆ ಅದು ಚೊಚ್ಚಲ ಆಲ್ಬಂ. ಬೇಸ್ ನುಡಿಸಿದವರು ಇದೇ ಲೊಮೆಂಜೊ, ಡ್ರಮ್ಸ್ ವೈಟ್‌ಸ್ನೇಕ್‌ನಲ್ಲಿದ್ದ ಬ್ರಯಾನ್ ಟಿಚಿ. ಹಾಡಿದವರು ಮೈಕೆಲ್ ಸ್ವೀಟ್, ಆಗ ವಯಸ್ಸು 51. ಗಿಟಾರ್ ಜಾರ್ಜ್ ಲಿಂಚ್, ವಯಸ್ಸು 60. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಮೊದಲ ಆಲ್ಬಂ!

ಮೈಕೆಲ್ ಸ್ವೀಟ್ ಹೆಸರು ಬಂದ ಮೇಲೆ ನಮ್ಮ ಅಜ್ಜನ ಮಾತಿಗೆ ಬರಲೇಬೇಕು. ಕ್ಯಾಲಿಫೋರ್ನಿಯಾದ ಮೈಕೆಲ್ ಮತ್ತು ಅವರ ಅಣ್ಣ ರಾಬರ್ಟ್ 1983ರಲ್ಲಿ ಕಟ್ಟಿದ ತಂಡ ಸ್ಟ್ರೈಪರ್. ಹಳದಿ ಕಪ್ಪು ಪಟ್ಟೆಯ ಬಟ್ಟೆ, ಉದ್ದ ಕೂದಲು, ಕಿವಿಗಡಚಿಕ್ಕುವ ಗಿಟಾರ್. ಆದರೆ ಹಾಡುಗಳೆಲ್ಲ ಯೇಸುವಿನ ಕುರಿತು. ತಂಡದ ಹೆಸರಿಗೂ ಪಟ್ಟೆಗೂ ಮೂಲ ಪ್ರವಾದಿ ಯೆಶಾಯನ ಗ್ರಂಥದ 53ನೇ ಅಧ್ಯಾಯ, 5ನೇ ವಚನ: ಚಾವಟಿ ಏಟಿನ ಗಾಯಗಳಿಂದ ನಮಗೆ ಸ್ವಸ್ಥತೆ ದೊರೆಯಿತು ಎಂಬ ಮಾತು. ಕಾರ್ಯಕ್ರಮದ ನಡುವೆ ಅವರು ಹೊಸ ಒಡಂಬಡಿಕೆಯ ಪ್ರತಿಗಳನ್ನು ಜನರ ಕಡೆಗೆ ಎಸೆಯುತ್ತಿದ್ದರು. ಬಿಯರ್ ಕುಡಿಯಲು ಬಂದವನ ಮಡಿಲಿಗೆ ಬೈಬಲ್ ಬಂದು ಬೀಳುತ್ತಿತ್ತು.

1986ರ 'ಟು ಹೆಲ್ ವಿತ್ ದ ಡೆವಿಲ್' ಅಮೆರಿಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಸೈತಾನನಿಗೆ ಧಿಕ್ಕಾರ ಅನ್ನುವುದೇ ಹೆಸರಿನ ಅರ್ಥ. ಇಷ್ಟಾದರೂ ಎರಡೂ ಕಡೆಯಿಂದ ಏಟು ತಪ್ಪಲಿಲ್ಲ. ಮೆಟಲ್ ಪ್ರಿಯರಲ್ಲಿ ಕೆಲವರು, ಇವರು ವೇಷ ಹಾಕಿದ ಪ್ರಚಾರಕರು ಎಂದು ನಕ್ಕರು. ಚರ್ಚಿನವರಲ್ಲಿ ಕೆಲವರು, ಕುರಿಯ ತೊಗಲು ಹೊದ್ದ ತೋಳಗಳು ಎಂದರು. ಹಾಗೆ ಗುಡುಗಿದವರಲ್ಲಿ ದೊಡ್ಡ ಹೆಸರು ಟಿವಿ ಬೋಧಕ ಜಿಮ್ಮಿ ಸ್ವಾಗರ್ಟ್. ಕ್ರೈಸ್ತ ರಾಕ್ ಸಂಗೀತವನ್ನೇ ಖಂಡಿಸಿ 1987ರಲ್ಲಿ ಅವರು ಒಂದು ಪುಸ್ತಕ ಬರೆದರು. ನನಗೆ ಮರೆಯಲಾಗದ ಸಂಗತಿ ಏನೆಂದರೆ, ಮೈಕೆಲ್ 12 ವರ್ಷದವರಿದ್ದಾಗ ಅವರ ಮನೆಯವರು ವಿಶ್ವಾಸಕ್ಕೆ ಬಂದಿದ್ದು ಇದೇ ಸ್ವಾಗರ್ಟ್ ಅವರ ಟಿವಿ ಪ್ರವಚನ ನೋಡಿ. ಯಾರ ಬೋಧನೆಯಿಂದ ಯೇಸುವನ್ನು ಅರಿತರೋ ಅವರ ಬಾಯಿಂದಲೇ ಬೈಗುಳ ಕೇಳುವುದೆಂದರೆ ಹೇಗಿರುತ್ತದೆ? ನಮ್ಮ ಗಿಟಾರ್ ಹುಡುಗನಿಗೆ ಜಪಸರ ಹಿಡಿದು ಪ್ರಾರ್ಥನೆ ಹೇಳಿಕೊಟ್ಟವರು ಕೂಡ ಅದೇ ಅಜ್ಜ.

ಈ ವಿಷಯದಲ್ಲಿ ನಮ್ಮ ಧರ್ಮಸಭೆ ಏನನ್ನುತ್ತದೆ ಎಂದು ಆ ದಿನಗಳಲ್ಲಿ ಒಂದಿಬ್ಬರು ನನ್ನನ್ನು ಕೇಳಿದರು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನಲ್ಲಿ ಹೊರಡಿಸಿದ ಆರಾಧನಾವಿಧಿಯ ದಾಖಲೆಯ 120ನೇ ಕಲಂ ಪೈಪ್ ಆರ್ಗನ್‌ಗೆ ದೊಡ್ಡ ಗೌರವ ಕೊಡುತ್ತದೆ. ಬೇರೆ ವಾದ್ಯಗಳೂ ಪವಿತ್ರ ಬಳಕೆಗೆ ತಕ್ಕವಾಗಿದ್ದರೆ, ದೇವಾಲಯದ ಘನತೆಗೆ ಒಪ್ಪಿದರೆ, ಬರಬಹುದು ಎನ್ನುತ್ತದೆ. ನಮ್ಮ ತಬಲ, ಢೋಲಕ್ ಬಲಿಪೂಜೆಗೆ ಬಂದಿದ್ದೂ ಆ ಬಾಗಿಲಿನಿಂದಲೇ. ಅಜ್ಜ ಕೇಳಬೇಕಾಗಿದ್ದ ಪ್ರಶ್ನೆ ಇದು: ಈ ಸದ್ದು ಈ ಜಾಗಕ್ಕೆ, ಈ ಹಾಡಿಗೆ ಹೊಂದುತ್ತದೆಯೇ? ಅದು ನ್ಯಾಯವಾದ ಪ್ರಶ್ನೆ. ಸೈತಾನನನ್ನು ಎಳೆದು ತಂದಿದ್ದು ಮಾತ್ರ ಹೆಚ್ಚಾಯಿತು.

ಸ್ಟ್ರೈಪರ್ ಕಥೆಗೆ ಮರಳಿದರೆ, 1990ರ 'ಅಗೇನ್ಸ್ಟ್ ದ ಲಾ' ಆಲ್ಬಂನಲ್ಲಿ ಅವರು ಪಟ್ಟೆ ಬಟ್ಟೆಯನ್ನೂ ನೇರವಾದ ಕ್ರಿಸ್ತಗೀತೆಗಳನ್ನೂ ಬದಿಗಿಟ್ಟರು. ಹಳೇ ಅಭಿಮಾನಿಗಳು ಬೇಸರಪಟ್ಟರು, ಹೊಸಬರೇನೂ ಹೆಚ್ಚಾಗಿ ಬರಲಿಲ್ಲ. 1992ರಲ್ಲಿ ಮೈಕೆಲ್ ತಂಡ ಬಿಟ್ಟರು. ಹನ್ನೊಂದು ವರ್ಷ ಕಳೆದು 2003ರಲ್ಲಿ ಮತ್ತೆ ಕೂಡಿದರು. 2009ರಲ್ಲಿ ಮೈಕೆಲ್ ಅವರ ಪತ್ನಿ ಕೈಲ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಆರು ವರ್ಷದ ನಂತರದ ಈ ಚೊಚ್ಚಲ ಆಲ್ಬಂ ಹಾಡಿದ್ದು ಇಷ್ಟೆಲ್ಲ ದಾಟಿ ಬಂದ ಕಂಠ.

ಲಿಂಚ್ ಅವರದು ಬೇರೆಯೇ ಬೀದಿ. ಎಂಬತ್ತರ ದಶಕದಲ್ಲಿ ಡಾಕೆನ್ ತಂಡದ ಗಿಟಾರ್ ಅವರದು. 'ಟೂತ್ ಅಂಡ್ ನೇಲ್', 'ಅಂಡರ್ ಲಾಕ್ ಅಂಡ್ ಕೀ', 'ಬ್ಯಾಕ್ ಫಾರ್ ದ ಅಟ್ಯಾಕ್' ಮೂರೂ ಆ ಕಾಲದ ಹುಡುಗರ ಕ್ಯಾಸೆಟ್ ಪೆಟ್ಟಿಗೆಯಲ್ಲಿ ಇದ್ದವು. ಹಾಡುಗಾರ ಡಾನ್ ಡಾಕೆನ್‌ಗೂ ಲಿಂಚ್‌ಗೂ ಆಗಿಬರುತ್ತಿರಲಿಲ್ಲ. ಗೆಲುವಿನ ತುದಿಯಲ್ಲಿದ್ದಾಗಲೇ, 1989ರಲ್ಲಿ, ತಂಡ ಒಡೆಯಿತು. ಒಬ್ಬರು ಬೈಬಲ್ ಎಸೆದ ತಂಡದವರು, ಇನ್ನೊಬ್ಬರು ಮುರಿದ ಪ್ರೀತಿಯನ್ನು ಹಾಡಿದ ತಂಡದವರು. ಇಬ್ಬರನ್ನೂ ಒಂದು ಆಲ್ಬಂಗೆ ಕೂಡಿಸಿದ್ದು ಇಟಲಿಯ ನೇಪಲ್ಸ್ ನಗರದ ಫ್ರಾಂಟಿಯರ್ಸ್ ಕಂಪನಿ. ಸೆರಾಫಿನೊ ಪೆರುಜಿನೊ 1996ರಲ್ಲಿ ಶುರುಮಾಡಿದ ಈ ಕಂಪನಿಯ ಕಸುಬೇ ಅದು: ದೊಡ್ಡ ಕಂಪನಿಗಳು ಕೈಬಿಟ್ಟ ಹಳೇ ರಾಕ್ ಕಲಾವಿದರಿಗೆ ಕೆಲಸ ಕೊಡುವುದು, ಬೇರೆ ಬೇರೆ ತಂಡದವರನ್ನು ಜೋಡಿ ಮಾಡುವುದು. ಈ ಸಂಬಂಧ ಕುದುರಿಸುವ ಕೆಲಸದಲ್ಲಿ ಕೆಲವು ಆಲ್ಬಂಗಳು ಒಂದೇ ಅಚ್ಚಿನವಾಗುತ್ತವೆ ಎಂಬ ದೂರಿದೆ. ನನಗೂ ಹಾಗನ್ನಿಸಿದ್ದುಂಟು.

'ಓನ್ಲಿ ಟು ರೈಸ್' ಹಾಗಲ್ಲ. ಲಿಂಚ್ ಗಿಟಾರಿನ ತುಣುಕುಗಳನ್ನು ಕೊಟ್ಟರು, ಸ್ವೀಟ್ ಅವುಗಳ ಮೇಲೆ ರಾಗವನ್ನೂ ಮಾತನ್ನೂ ಕಟ್ಟಿದರು, ಆಲ್ಬಂನ ನಿರ್ಮಾಣದ ಹೊಣೆಯನ್ನೂ ಹೊತ್ತರು. ಒಟ್ಟು 12 ಹಾಡು. ಮೊದಲನೆಯದು 'ದ ವಿಶ್'. ಅದನ್ನು ಕೇಳಿದರೆ ಸಾಕು, ಎರಡು ಬೇರೆ ಸ್ವಭಾವಗಳು ಗೊತ್ತಾಗುತ್ತವೆ: ಗಿಟಾರ್ ಮೂಲೆಮೂಲೆಯಾಗಿ ಮುರಿಯುತ್ತದೆ, ಕಂಠ ನೇರವಾಗಿ ಮೇಲಕ್ಕೆ ಹೋಗುತ್ತದೆ. 'ಮಿ ವಿದೌಟ್ ಯು' ನಿಧಾನದ ಹಾಡು. ಮಾತುಗಳು ಕೆಲವೆಡೆ ಸಾದಾ ಎನ್ನಿಸುತ್ತವೆ, ನಡುವೆ ಎರಡು ಮೂರು ಹಾಡು ಇಲ್ಲದಿದ್ದರೂ ನಡೆಯುತ್ತಿತ್ತು. ಆದರೆ ಎಲ್ಲಿಯೂ ವಯಸ್ಸನ್ನು ಮುಚ್ಚಿಡುವ ಆತುರವಿಲ್ಲ. ವೇಗದಲ್ಲಿ ಹುಡುಗರನ್ನು ಸೋಲಿಸುವ ಹಟವಿಲ್ಲ. ಒಂದೇ ಸಲಕ್ಕೆ ಮುಗಿಯಲೂ ಇಲ್ಲ, 2017ರಲ್ಲಿ 'ಯೂನಿಫೈಡ್', 2023ರಲ್ಲಿ 'ಹಾರ್ಟ್ ಅಂಡ್ ಸ್ಯಾಕ್ರಿಫೈಸ್' ಬಂದವು.

ಇಲ್ಲಿಂದ ದಾರಿ ಮತ್ತೆ ನಮ್ಮ ದೇಶಕ್ಕೆ ಬರುತ್ತದೆ. ಲಿಂಚ್ ತಮ್ಮ ಹಳೇ ಡಾಕೆನ್ ಗೆಳೆಯರಾದ ಜೆಫ್ ಪಿಲ್ಸನ್, ಮಿಕ್ ಬ್ರೌನ್ ಜೊತೆ ಸೇರಿ 2019ರಲ್ಲಿ ದ ಎಂಡ್ ಮಶೀನ್ ಎಂಬ ಇನ್ನೊಂದು ತಂಡದ ಚೊಚ್ಚಲ ಆಲ್ಬಂ ತಂದರು. ಆ ತಂಡದ ಮೂರನೇ ಆಲ್ಬಂ 'ದ ಕ್ವಾಂಟಮ್ ಫೇಸ್' 2024ರಲ್ಲಿ ಬಂದಾಗ ಹಾಡಿದವರು ಸಿಕ್ಕಿಂನ ಗ್ಯಾಂಗ್ಟಾಕ್‌ನ ಗಿರೀಶ್ ಪ್ರಧಾನ್. ಗಿರೀಶ್ ಅಂಡ್ ದ ಕ್ರಾನಿಕಲ್ಸ್ ಎಂಬ ಸ್ವಂತ ತಂಡದಲ್ಲಿ 2014ರಲ್ಲಿ 'ಬ್ಯಾಕ್ ಆನ್ ಅರ್ಥ್' ಹೊರತಂದವರು ಅವರು. 2020ರಲ್ಲಿ ಫಸ್ಟ್‌ಬಾರ್ನ್ ಎಂಬ ತಂಡದಲ್ಲಿ ಅವರ ಜೊತೆ ಬೇಸ್ ನುಡಿಸಿದವರು ಯಾರು ಗೊತ್ತೇ? ಅರಮನೆ ಮೈದಾನಕ್ಕೆ ಬಂದಿದ್ದ ಅದೇ ಜೇಮ್ಸ್ ಲೊಮೆಂಜೊ. ಕ್ಯಾಸೆಟ್‌ನಲ್ಲಿ ಡಾಕೆನ್ ಕೇಳಿದ ತಲೆಮಾರಿಗೆ ಭಾರತದ ಕಂಠವೊಂದು ಲಿಂಚ್ ಪಕ್ಕ ಹಾಡುತ್ತದೆ ಎಂದರೆ ನಂಬಿಕೆ ಬರುತ್ತಿರಲಿಲ್ಲ.

ಇದನ್ನೆಲ್ಲ ನಾನು ಗಿಟಾರ್ ಹುಡುಗನಿಗೆ ಹೇಳಿದ್ದು ಜನವರಿಯಲ್ಲಿ, ಅವರ ಮನೆಯ ಜಗಲಿಯ ಮೇಲೆ. ಗಿರೀಶ್ ಹಾಡು ಕೇಳಿ, "ಅಣ್ಣಾ, ಇವರು ನಿಜವಾಗಲೂ ನಮ್ಮವರಾ?" ಎಂದು ಎರಡು ಸಲ ಕೇಳಿದ. ಮುಂದಿನ ಭಾನುವಾರ ಪ್ರಾಕ್ಟೀಸಿಗೆ ಬಂದ. ಪೂಜೆಯಲ್ಲಿ ಪೆಡಲ್ ಬೇಡ, ಯುವಜನರ ಸಂಜೆ ಕಾರ್ಯಕ್ರಮಕ್ಕೆ ಇರಲಿ ಎಂದು ಫಾದರ್ ಹೇಳಿದ್ದಾರೆ. ಅಜ್ಜನಿಗೆ ನನ್ನ ಫೋನಿನಲ್ಲಿ 'ಮಿ ವಿದೌಟ್ ಯು' ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಬೈಬಲ್ ಎಸೆಯುತ್ತಿದ್ದವರು ಇವರೇ ಎಂದಾಗ, "ಎಸೆಯಬಾರದಿತ್ತು, ಕೈಗೆ ಕೊಡಬೇಕಿತ್ತು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕಂಠ ಚೆನ್ನಾಗಿದೆ. ಆ ಹುಡುಗನಿಗೆ ಈ ಹಾಡು ಬರುತ್ತಾ?" ಎಂದು ಕೇಳಿದರು.