ಎಕ್ಸ್‌ಚೇಂಜಿನ ಕೂಸು: ಎರ್ಲಾಂಗ್ ನಡೆದ ಹಾದಿ

ಹೋದ ವರ್ಷ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಮಾತಾಡಲು ಹೋಗಿದ್ದೆ. ವಿಷಯ ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ್, ಅದು ಸತ್ತುಹೋದ ಭಾಷೆ ಅಲ್ವಾ? ಜಾಬ್ ಸೈಟಲ್ಲಿ ಹುಡುಕಿದ್ರೆ ಏನೂ ಸಿಗಲ್ಲ” ಅಂದ. ಅಷ್ಟರಲ್ಲಿ ಅವನ ಕೈಲಿದ್ದ ಫೋನಿಗೆ ವಾಟ್ಸ್‌ಆ್ಯಪ್ ಮೆಸೇಜು ಬಂದು ಟಿಣ್ ಎಂದಿತು. ಆ ಮೆಸೇಜು ಹಾದು ಬಂದ ಸರ್ವರು ನಡೆಯುವುದೇ ಎರ್ಲಾಂಗ್‌ನಲ್ಲಿ. ಜಾಹೀರಾತು ಎಣಿಸಿ ಭಾಷೆಯ ಆಯಸ್ಸು ಹೇಳುವ ಚಾಳಿ ಹುಡುಗರಿಗಷ್ಟೇ ಇದ್ದಿದ್ದರೆ ಸುಮ್ಮನಿರುತ್ತಿದ್ದೆ. ಜನಪ್ರಿಯತೆಯ ಪಟ್ಟಿ ನೋಡಿ ಸಿಲಬಸ್ ಬರೆಯುವವರಿಗೂ ಅದು ಅಂಟಿದೆ.

ನಮ್ಮ ದೂರವಾಣಿ ಇಲಾಖೆಯ ಹಳಬರಿಗೆ ಎರ್ಲಾಂಗ್ ಎಂದರೆ ಒಂದು ಅಳತೆ. ಒಂದು ಲೈನು ಪೂರ್ತಿ ಒಂದು ಗಂಟೆ ಮಾತಿನಲ್ಲೇ ತುಂಬಿದ್ದರೆ ಒಂದು ಎರ್ಲಾಂಗ್. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ದುಡಿದ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್ (1878–1929) ಹೆಸರು ಅದು. ಭಾಷೆಗೂ ಅದೇ ಹೆಸರು ಬಂತು. ಏಕಕಾಲಕ್ಕೆ ಹಲವು ಕೆಲಸ ನಡೆಸುವ ಬಗ್ಗೆ 1973ರಲ್ಲಿ ಕಾರ್ಲ್ ಹೆವಿಟ್ ಮುಂದಿಟ್ಟ ‘ಆ್ಯಕ್ಟರ್’ ಕಲ್ಪನೆ, 1978ರಲ್ಲಿ ಟೋನಿ ಹೋರ್ ಬರೆದ ಪ್ರಬಂಧ ಇವೆಲ್ಲ ಪೂರ್ವಪೀಠಿಕೆ. ಪ್ರಾಧ್ಯಾಪಕರು ಅಲ್ಲಿಂದಲೇ ಶುರುಮಾಡಿ ಬಹಳ ಹೊತ್ತು ಅಲ್ಲೇ ನಿಲ್ಲುತ್ತಾರೆ. ನಾನು ನಿಲ್ಲುವುದಿಲ್ಲ, ಏಕೆಂದರೆ ಈ ಭಾಷೆ ಹುಟ್ಟಿದ್ದು ಸಿದ್ಧಾಂತದಿಂದಲ್ಲ, ಎಕ್ಸ್‌ಚೇಂಜಿನ ತಾಪತ್ರಯದಿಂದ.

1986ರಲ್ಲಿ ಸ್ಟಾಕ್‌ಹೋಮಿನ ಎರಿಕ್ಸನ್ ಪ್ರಯೋಗಾಲಯದಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಕೆಲಸ ಆರಂಭಿಸಿದರು. ರಾಬರ್ಟ್ ವಿರ್ಡಿಂಗ್ ಮತ್ತು ಮೈಕ್ ವಿಲಿಯಮ್ಸ್ ಜೊತೆಯಾದರು. ಮೊದಲ ರೂಪ ಪ್ರೊಲಾಗ್ ಭಾಷೆಯಲ್ಲಿತ್ತು. ಎರ್ಲಾಂಗ್ ಬರೆಯುವಾಗ ಇಂದಿಗೂ ಅಲ್ಪವಿರಾಮ, ಅರ್ಧವಿರಾಮ, ಪೂರ್ಣವಿರಾಮಗಳ ಕಾಟ ಇರುವುದು ಅದೇ ಕಾರಣಕ್ಕೆ. ಅದೇ ವರ್ಷದ ಜುಲೈನಲ್ಲಿ ನಮ್ಮ ಕಿತ್ತೂರಿನಲ್ಲಿ ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ತನ್ನ ಮೊದಲ ಗ್ರಾಮೀಣ ಎಕ್ಸ್‌ಚೇಂಜನ್ನು ಚಾಲೂ ಮಾಡಿತ್ತು. 128 ಲೈನು, ಏಸಿ ಇಲ್ಲ, ಧೂಳು-ಸೆಕೆ ತಡೆದುಕೊಂಡೇ ನಡೆಯಬೇಕು. ಎರಡು ತಂಡಗಳಿಗೂ ಪರಸ್ಪರ ಸಂಬಂಧವಿರಲಿಲ್ಲ. ಆದರೂ ಎರಡೂ ಕಡೆಯ ಪ್ರಶ್ನೆ ಒಂದೇ: ಒಳಗೆ ಏನೋ ಕೆಟ್ಟಾಗಲೂ ಊರಿನ ಫೋನು ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

ಸ್ವೀಡನ್ನಿನವರು ಕಂಡುಕೊಂಡ ಉತ್ತರ ಸರಳ. ಪ್ರತಿ ಕರೆಗೂ ಒಂದು ಪುಟ್ಟ ‘ಪ್ರೊಸೆಸ್’. ಹುಟ್ಟುವಾಗ ಅದರ ತೂಕ ಎರಡು-ಮೂರು ಕಿಲೋಬೈಟ್, ಹಾಗಾಗಿ ಒಂದೇ ಯಂತ್ರದಲ್ಲಿ ಲಕ್ಷಗಟ್ಟಲೆ ಇರಬಹುದು. ಒಂದರ ನೆನಪಿಗೆ ಇನ್ನೊಂದು ಕೈಹಾಕುವಂತಿಲ್ಲ; ಏನಿದ್ದರೂ ಮೆಸೇಜು ಕಳಿಸಬೇಕು. ಒಂದು ಪ್ರೊಸೆಸ್ ಕೆಟ್ಟರೆ ರಿಪೇರಿಗೆ ಕೂರದೆ ಸಾಯಲು ಬಿಡುವುದು. ಮೇಲೆ ಕೂತ ‘ಸೂಪರ್‌ವೈಸರ್’ ಅದರ ಜಾಗಕ್ಕೆ ಹೊಸತನ್ನು ಹುಟ್ಟಿಸುತ್ತದೆ. ಒಂದು ಕರೆ ತುಂಡಾದೀತು, ಉಳಿದವಕ್ಕೆ ಸುದ್ದಿಯೂ ಮುಟ್ಟದು. ಯಂತ್ರ ನಿಲ್ಲಿಸದೆಯೇ ಹಳೆಯ ಕೋಡ್ ತೆಗೆದು ಹೊಸದನ್ನು ಕೂರಿಸಬಹುದು.

ಇದೆಲ್ಲ ಎಎಕ್ಸ್‌ಡಿ301 ಎಂಬ ಸ್ವಿಚ್‌ನಲ್ಲಿ ಒರೆಗೆ ಹತ್ತಿತು. ಅದರಲ್ಲಿ ಹತ್ತು ಲಕ್ಷಕ್ಕೂ ಮೀರಿ ಎರ್ಲಾಂಗ್ ಸಾಲುಗಳಿದ್ದವು. ಅದು ಶೇಕಡಾ 99.9999999ರಷ್ಟು ಹೊತ್ತು ನಡೆಯಿತೆಂದು ನಮ್ಮ ಪಂಗಡದವರು ಎದೆಯುಬ್ಬಿಸುವುದುಂಟು. ಅದೊಂದು ಸೀಮಿತ ಪ್ರಯೋಗದ ಲೆಕ್ಕ, ಅದನ್ನು ಇಷ್ಟು ಬೀಸಬಾರದಿತ್ತು. ಸ್ವಿಚ್ ಮಾತ್ರ ನಿಜಕ್ಕೂ ಗಟ್ಟಿಯಾಗಿತ್ತು. ಹೀಗಿರುವಾಗಲೇ, 1998ರಲ್ಲಿ, ಎರಿಕ್ಸನ್‌ನ ರೇಡಿಯೋ ವಿಭಾಗ ಹೊಸ ಉತ್ಪನ್ನಗಳಲ್ಲಿ ಎರ್ಲಾಂಗ್ ಬೇಡವೆಂದಿತು. ಎಲ್ಲರೂ ಬಳಸುವ ಭಾಷೆಯೇ ವಾಸಿ ಎಂಬುದು ವಾದ. ಅದೇ ಡಿಸೆಂಬರಿನಲ್ಲಿ ಭಾಷೆ ಓಪನ್ ಸೋರ್ಸ್ ಆಯಿತು. ಆರ್ಮ್‌ಸ್ಟ್ರಾಂಗ್ ಮತ್ತು ಗೆಳೆಯರು ಹೊರನಡೆದು ಬ್ಲೂಟೇಲ್ ಕಂಪನಿ ಕಟ್ಟಿದರು. ತವರು ಹೊರಹಾಕದಿದ್ದರೆ ಈ ಕೂಸು ಊರು ಸುತ್ತುತ್ತಲೇ ಇರಲಿಲ್ಲ.

ನಮ್ಮ ಕಾಲ ಶುರುವಾಗುವುದು ಇಲ್ಲಿಂದ. ಬೆಂಗಳೂರಿನ ಟೆಲಿಕಾಂ ಆಫೀಸೊಂದರಲ್ಲಿ ನಾವು ಹನ್ನೊಂದು ಮಂದಿ ಸಿ++ನಲ್ಲಿ ಕರೆ ನಿಭಾಯಿಸುವ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಹಂಚಿಕೊಂಡ ನೆನಪಿಗೆ ಹಾಕಿದ ಒಂದು ಲಾಕ್ ಬಿಡಿಸಲು ಮರೆತರೆ ಇಡೀ ಯಂತ್ರ ಗಪ್‌ಚುಪ್. ದೋಷ ಹುಡುಕುತ್ತಾ ಎಷ್ಟು ರಾತ್ರಿ ಅಲ್ಲೇ ಚಿತ್ರಾನ್ನ ತಿಂದಿದ್ದೇವೋ. 2001ರ ಸುಮಾರಿಗೆ ಎರ್ಲಾಂಗ್ ಇಳಿಸಿಕೊಂಡು, ಶನಿವಾರ-ಭಾನುವಾರಗಳಲ್ಲಿ ಕೂತು, ಅದೇ ಕೆಲಸದ ಒಂದು ಮಾದರಿ ಬರೆದೆ. ಸೋಮವಾರ ಮ್ಯಾನೇಜರರ ಎದುರಿಗೇ ಒಂದೊಂದೇ ಪ್ರೊಸೆಸ್ ಕೊಲ್ಲುತ್ತಾ ಹೋದೆ. ಕರೆಗಳು ನಡೆಯುತ್ತಲೇ ಇದ್ದವು. ಅವರು ನೋಡಿ ಮೆಚ್ಚಿ, “ಚೆನ್ನಾಗಿದೆಯಪ್ಪಾ, ಆದ್ರೆ ಇದು ಗೊತ್ತಿರೋ ಹತ್ತು ಜನ ಎಲ್ಲಿ ಸಿಗ್ತಾರೆ?” ಅಂದರು. ಮಾತು ಅಲ್ಲಿಗೆ ಮುಗಿಯಿತು. ಆ ಪ್ರಶ್ನೆಯನ್ನು ಮುಂದೆ ಬೇರೆ ಬೇರೆ ಬಾಯಿಗಳಲ್ಲಿ ಕೇಳುತ್ತಲೇ ಬಂದಿದ್ದೇನೆ.

ಬೇರೆಡೆ ಕೇಳದೆಯೇ ಬಳಸಿದವರಿದ್ದರು. 2002ರಲ್ಲಿ ಇಜ್ಯಾಬರ್‌ಡಿ ಎಂಬ ಚಾಟ್ ಸರ್ವರ್ ಬಂತು, 2007ರಲ್ಲಿ ಸರ್ವರುಗಳ ನಡುವೆ ಮೆಸೇಜು ಸಾಗಿಸುವ ರ್‍ಯಾಬಿಟ್‌ಎಂಕ್ಯೂ. ಎರಡನೆಯದನ್ನು ಬಳಸುವವರಲ್ಲಿ ಹೆಚ್ಚಿನವರಿಗೆ ಒಳಗಿರುವುದು ಎರ್ಲಾಂಗ್ ಎಂಬುದೇ ತಿಳಿಯದು. ನಡುವೆ 2006ರಲ್ಲಿ ಎರ್ಲಾಂಗ್ ಮಲ್ಟಿಕೋರ್ ಯಂತ್ರಗಳಿಗೆ ಒಗ್ಗಿಕೊಂಡಿತು; ಹಂಚಿಕೊಂಡ ನೆನಪೇ ಇಲ್ಲದ್ದರಿಂದ ಹಳೆಯ ಕೋಡನ್ನು ಹೆಚ್ಚು ತಿದ್ದಬೇಕಾಗಲಿಲ್ಲ. 2009ರಲ್ಲಿ ಹುಟ್ಟಿದ ವಾಟ್ಸ್‌ಆ್ಯಪ್ ಇಜ್ಯಾಬರ್‌ಡಿಯಿಂದ ಆರಂಭಿಸಿ ಅದನ್ನು ಬಹುಪಾಲು ತಿದ್ದಿ ಬರೆಯಿತು. 2012ರ ಹೊತ್ತಿಗೆ ಒಂದೊಂದು ಸರ್ವರಿಗೆ 20 ಲಕ್ಷ ಸಂಪರ್ಕ. 2014ರಲ್ಲಿ ಫೇಸ್‌ಬುಕ್ 1,900 ಕೋಟಿ ಡಾಲರಿಗೆ ಅದನ್ನು ಕೊಂಡಾಗ ಬಳಕೆದಾರರು 45 ಕೋಟಿ, ಎಂಜಿನಿಯರುಗಳು 32 ಮಂದಿ. ಹತ್ತು ಜನ ಎಲ್ಲಿ ಸಿಗುತ್ತಾರೆ ಎಂದವರು ಈ ಕೊನೆಯ ಸಂಖ್ಯೆಯನ್ನು ಇನ್ನೊಮ್ಮೆ ಓದಬಹುದು. ಒಪ್ಪಿಕೊಳ್ಳಬೇಕಾದ್ದೂ ಇದೆ. ಅದೇ ಫೇಸ್‌ಬುಕ್ 2008ರಲ್ಲಿ ತನ್ನ ಚಾಟ್ ಅನ್ನು ಎರ್ಲಾಂಗ್‌ನಲ್ಲಿ ಶುರುಮಾಡಿ, ಆಮೇಲೆ ಸಿ++ಗೆ ಸರಿದಿತ್ತು.

ರೂಬಿ ಭಾಷೆಯ ರೈಲ್ಸ್ ಬಳಗದಿಂದ ಬಂದ ಬ್ರೆಜಿಲಿನ ಜೋಸೆ ವ್ಯಾಲಿಮ್ 2011ರಲ್ಲಿ ಎಲಿಕ್ಸಿರ್ ಎಂಬ ಭಾಷೆ ಶುರುಮಾಡಿದರು, 1.0 ಬಂದದ್ದು 2014ರಲ್ಲಿ. ಒಳಗಿನ ಯಂತ್ರ ಎರ್ಲಾಂಗ್‌ನದೇ, ಹೊರಗಿನ ಬರವಣಿಗೆ ರೂಬಿಯಂತೆ ನಯ. ಮೊದಮೊದಲು ನಾವು ಮೂಗು ಮುರಿದೆವು. ನಮ್ಮ ಮೂಗಿನ ಅಳತೆ ಕೇಳದೆ ಅದು ಬೆಳೆಯಿತು. ಚಾಟ್ ಸೇವೆ ಡಿಸ್ಕಾರ್ಡ್ ಅದನ್ನು ಹಿಡಿಯಿತು, 2024ರಿಂದ ಟೈಪ್ ತಪಾಸಣೆಯೂ ಸೇರುತ್ತಿದೆ. ಅದೇ ವರ್ಷ ಗ್ಲೀಮ್ ಎಂಬ ತಂಗಿಯೂ 1.0 ಮುಟ್ಟಿದೆ. ಭಾಷೆ ಹರಡುವುದಾದರೆ ಈ ಮಕ್ಕಳ ಹೆಸರಿನಲ್ಲೇ ಹರಡೀತು.

ಈಗಿನ ಫ್ಯಾಶನ್ನಿನ ಮಾತೊಂದಿದೆ: ಪ್ರೋಗ್ರಾಮುಗಳನ್ನು ಕಂಟೇನರೆಂಬ ಡಬ್ಬಿಗಳಲ್ಲಿಟ್ಟು ನಡೆಸುವ ಕುಬರ್ನೆಟೀಸ್ ಇರುವಾಗ ಎರ್ಲಾಂಗ್ ಯಾಕೆ, ಕೆಟ್ಟದ್ದನ್ನು ಅದೇ ಮತ್ತೆ ಎಬ್ಬಿಸುತ್ತಲ್ಲ? ಅದು ಎಬ್ಬಿಸುವುದು ಇಡೀ ಕಂಟೇನರನ್ನು. ಒಳಗೆ ಹತ್ತು ಸಾವಿರ ಮಂದಿ ಮಾತಾಡುತ್ತಿದ್ದರೆ ಹತ್ತು ಸಾವಿರ ಮಾತೂ ತುಂಡು. ಎರ್ಲಾಂಗ್ ಎಬ್ಬಿಸುವುದು ಕೆಟ್ಟ ಆ ಒಂದನ್ನು. ಎರಡೂ ಬೇಕು, ಒಂದು ಇನ್ನೊಂದರ ಜಾಗ ತುಂಬದು.

ಕಾಲೇಜಿನ ಆ ಹುಡುಗನನ್ನು, ಏಕಕಾಲಕ್ಕೆ ಹಲವು ಕೆಲಸ ನಡೆಸುವುದರ ಬಗ್ಗೆ ಏನು ಓದಿದ್ದೀ ಎಂದು ಕೇಳಿದೆ. ಸೆಮಾಫೋರ್, ಡೆಡ್‌ಲಾಕ್, ಆಮೇಲೆ ಒಂದೇ ಮೇಜಿಗೆ ಕೂತು ಫೋರ್ಕಿಗಾಗಿ ಕಾಯುವ ಐವರು ತತ್ವಜ್ಞಾನಿಗಳ ಲೆಕ್ಕ, ಎಲ್ಲ ಪಟಪಟ ಹೇಳಿದ. “ಫೋರ್ಕು ಕೈಲಿರುವಾಗಲೇ ಅವರಲ್ಲೊಬ್ಬ ಸತ್ತುಹೋದರೆ?” ಅಂದೆ.

“ಅದು ಸಿಲಬಸ್ಸಲ್ಲಿಲ್ಲ ಸರ್,” ಅಂದ.