ಕೊಲಂಬಿಯಾ ತಟದಲ್ಲಿ ಇಂಗಾಲದ ಲೆಕ್ಕ

ಅಮೆರಿಕದ ಆರೆಗಾನ್ ಸಂಸ್ಥಾನದಲ್ಲಿ, ಕೊಲಂಬಿಯಾ ನದಿಯ ದಕ್ಷಿಣ ತಟದ ಮೇಲೆ, ದ ಡ್ಯಾಲ್ಸ್ ಎಂಬ ಸಣ್ಣ ಪಟ್ಟಣವೊಂದುಂಟು. ಗೂಗಲ್ ಸಂಸ್ಥೆಯು ತಾನೇ ಕಟ್ಟಿಸಿದ ಮೊದಮೊದಲ ಡೇಟಾ ಸೆಂಟರುಗಳಲ್ಲೊಂದು 2006ರಲ್ಲಿ ಇಲ್ಲಿ ಕಾರ್ಯಾರಂಭ ಮಾಡಿತು. ಅದನ್ನು ಅಲ್ಲಿಗೆ ಸೆಳೆದ ಮುಖ್ಯ ಆಕರ್ಷಣೆಯೆಂದರೆ ನದಿಯ ಅಣೆಕಟ್ಟುಗಳಿಂದ ದೊರೆಯುವ ಅಗ್ಗದ ವಿದ್ಯುತ್ತು.

ಆ ವಿದ್ಯುತ್ತಿಗೂ ಒಂದು ಪೂರ್ವೇತಿಹಾಸವಿದೆ. ಪಟ್ಟಣದಿಂದ ಸ್ವಲ್ಪ ಮೇಲ್ಗಡೆ ಸೆಲೈಲೋ ಎಂಬ ಜಲಪಾತವಿದ್ದಿತು. ಯಾಕಮಾ, ಉಮಟಿಲಾ ಮೊದಲಾದ ಮೂಲನಿವಾಸಿಗಳು ಭೋರ್ಗರೆಯುವ ನೀರಿನ ಮೇಲೆ ಮರದ ಅಟ್ಟಣೆಗಳನ್ನು ಚಾಚಿ, ಅವುಗಳ ತುದಿಯಲ್ಲಿ ನಿಂತು, ಉದ್ದನೆಯ ಹಿಡಿಯ ಬಲೆಗಳನ್ನು ನೊರೆಯೊಳಕ್ಕೆ ಇಳಿಬಿಟ್ಟು, ಪ್ರವಾಹಕ್ಕೆ ಎದುರಾಗಿ ನೆಗೆದುಬರುವ ಸಾಮನ್ ಮೀನನ್ನು ಸಾವಿರಾರು ವರ್ಷಗಳಿಂದ ಹಿಡಿಯುತ್ತ ಬಂದಿದ್ದರು. 1957ರ ಮಾರ್ಚ್ 10ರಂದು ದ ಡ್ಯಾಲ್ಸ್ ಅಣೆಕಟ್ಟಿನ ಬಾಗಿಲುಗಳನ್ನು ಮುಚ್ಚಲು, ಕೆಲವೇ ಗಂಟೆಗಳಲ್ಲಿ ಜಲಪಾತವು ಮುಳುಗಿಹೋಯಿತು. ಹೀಗೆ ಹುಟ್ಟಿದ ವಿದ್ಯುತ್ತು ಮೊದಲು ಅಲ್ಯೂಮಿನಿಯಂ ಕಾರ್ಖಾನೆಗೆ ದುಡಿದು, ಆ ಉದ್ಯಮ ಅಸ್ತಂಗತವಾದ ತರುವಾಯ ಸರ್ವರ್‌ಗಳನ್ನು ಪೋಷಿಸತೊಡಗಿತು. ಇಂಗಾಲದ ಲೆಕ್ಕದಲ್ಲಿ ಇದು ನಿರ್ಮಲವಾದ ವಿದ್ಯುತ್ತು. ಆ ಮಾತು ಸತ್ಯವೇ. ಆದರೆ ಸೆಲೈಲೋವನ್ನು ನಮೂದಿಸತಕ್ಕ ಅಂಕಣ ಆ ಲೆಕ್ಕದಲ್ಲಿಲ್ಲವೆಂಬುದನ್ನು ಮರೆಯುವುದು ನ್ಯಾಯವಲ್ಲ.

ಲೆಕ್ಕದ ವಿಧಾನವಾದರೋ ತೀರ ಇತ್ತೀಚಿನದು. ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಹಾಗೂ ಉದ್ಯಮಿಗಳ ಜಾಗತಿಕ ಮಂಡಲಿಯೊಂದು ಸೇರಿ 2001ರಲ್ಲಿ ಹೊರತಂದ ನಿಯಮಾವಳಿಯು ಕಂಪನಿಯ ಹೊರಸೂಸುವಿಕೆಯನ್ನು ಮೂರು ವಿಭಾಗಗಳನ್ನಾಗಿ ವಿಂಗಡಿಸಿತು: ಸ್ವಂತ ಒಲೆ ಯಂತ್ರಗಳ ಹೊಗೆ, ಕೊಂಡ ವಿದ್ಯುತ್ತಿನ ಹಿಂದಿನ ಹೊಗೆ, ಪೂರೈಕೆದಾರರಿಂದ ಬಳಕೆದಾರರವರೆಗೆ ಹಬ್ಬಿದ ಮಿಕ್ಕೆಲ್ಲ ಹೊಗೆ. ಗೂಗಲ್ ತಾನು 2007ರಿಂದಲೇ ಇಂಗಾಲ ತಟಸ್ಥವೆಂದು ಸಾರಿಕೊಂಡಿದ್ದರೂ, ಅದರ ನಿಜವಾದ ಮೊತ್ತ ಜನರಿಗೆ ತಿಳಿದದ್ದು 2011ರಲ್ಲಿ; 2010ನೆಯ ವರ್ಷದ ಆ ಮೊತ್ತ ಸುಮಾರು 15 ಲಕ್ಷ ಟನ್ನು. ತಟಸ್ಥತೆಯ ಆಧಾರವಾಗಿದ್ದುದು, ಅನ್ಯರು ಬೇರೆಡೆಯಲ್ಲಿ ತಗ್ಗಿಸಿದ ಹೊರಸೂಸುವಿಕೆಯನ್ನು ಹಣ ಕೊಟ್ಟು ತನ್ನ ಹೆಸರಿಗೆ ಬರೆಸಿಕೊಳ್ಳುವ ಪರಿಹಾರಪದ್ಧತಿ.

2010ರಲ್ಲಿ ಸಂಸ್ಥೆಯು ಅಯೋವಾ ಸಂಸ್ಥಾನದ ಪವನಕ್ಷೇತ್ರವೊಂದರಿಂದ 114 ಮೆಗಾವಾಟ್ ವಿದ್ಯುತ್ತನ್ನು ಇಪ್ಪತ್ತು ವರ್ಷಗಳ ಕರಾರಿನ ಮೇಲೆ ಕೊಂಡಿತು. ಈ ವ್ಯವಹಾರದ ಒಳಗುಟ್ಟನ್ನು ಗಮನಿಸತಕ್ಕದ್ದು: ಕೊಂಡ ವಿದ್ಯುತ್ತನ್ನು ಸ್ಥಳೀಯ ಸಗಟು ಮಾರುಕಟ್ಟೆಗೇ ಮರಳಿ ಮಾರಿ, ಅದರ ಜೊತೆಗೆ ಬಂದ ನವೀಕರಿಸಬಹುದಾದ ಇಂಧನದ ಪ್ರಮಾಣಪತ್ರವನ್ನು ಮಾತ್ರ ಸಂಸ್ಥೆ ತನ್ನಲ್ಲಿ ಉಳಿಸಿಕೊಂಡಿತು. ಪವನಕ್ಷೇತ್ರಕ್ಕೆ ನಿಶ್ಚಿತವಾದ ಗಿರಾಕಿ ದೊರೆತದ್ದು ಅಲ್ಪ ಸಾಧನೆಯಲ್ಲ. ಆದರೂ ಪತ್ರವೊಂದು ಕಡೆ, ವಿದ್ಯುತ್ತೊಂದು ಕಡೆ. ಇದನ್ನರಿತೇ, ಆ ನಿಯಮಾವಳಿಗೆ ಪೂರಕವಾಗಿ ಬಂದ 2015ರ ಮಾರ್ಗಸೂಚಿಯು, ಪ್ರಮಾಣಪತ್ರಗಳನ್ನು ಹಿಡಿದು ಮಾಡಿದ ಲೆಕ್ಕವನ್ನೂ, ಯಂತ್ರಗಳಿರುವ ಊರಿನ ಗ್ರಿಡ್ ನಿಜವಾಗಿ ಸುಟ್ಟ ಇಂಧನದ ಲೆಕ್ಕವನ್ನೂ ಬೇರೆಬೇರೆಯಾಗಿ ಕೊಡಬೇಕೆಂದು ವಿಧಿಸಿತು.

2017ರಲ್ಲಿ ಗೂಗಲ್ ವರ್ಷವಿಡೀ ಬಳಸಿದಷ್ಟೇ ವಿದ್ಯುತ್ತನ್ನು ಗಾಳಿ ಬಿಸಿಲುಗಳಿಂದ ಕೊಂಡೆನೆಂದು ಘೋಷಿಸಿತು. ಆದರೆ ವರ್ಷದ ಮೊತ್ತ ಸರಿದೂಗಿದ ಮಾತ್ರಕ್ಕೆ, ಗಾಳಿ ನಿಂತ ನಡುರಾತ್ರಿಯಲ್ಲಿ ಸರ್ವರ್‌ಗಳಿಗೆ ವಿದ್ಯುತ್ತನ್ನೀಯುವುದು ಕಲ್ಲಿದ್ದಲೋ ಅನಿಲವೋ ಆಗಿರುವುದು ತಪ್ಪುವುದಿಲ್ಲ. ಈ ಕೊರತೆಯನ್ನು ಸಂಸ್ಥೆಯೇ ಒಪ್ಪಿ, 2030ರೊಳಗಾಗಿ ಪ್ರತಿಯೊಂದು ಸ್ಥಳದಲ್ಲಿ ಪ್ರತಿಯೊಂದು ಗಂಟೆಯೂ ಇಂಗಾಲರಹಿತ ವಿದ್ಯುತ್ತನ್ನೇ ಬಳಸುವೆನೆಂದು 2020ರಲ್ಲಿ ಸಂಕಲ್ಪಿಸಿದ್ದು ಅದರ ಚರಿತ್ರೆಯಲ್ಲಿ ನಾನು ಅತ್ಯಂತ ಗೌರವಿಸುವ ಹೆಜ್ಜೆ. 2023ನೆಯ ವರ್ಷದಲ್ಲಿ, ಹೀಗೆ ಗಂಟೆಗಂಟೆಗೆ ಎಣಿಸಿದ ಇಂಗಾಲರಹಿತ ವಿದ್ಯುತ್ತಿನ ಪ್ರಮಾಣ ಸರಾಸರಿ ಶೇ. 64. ಅದೇ ವರ್ಷದ ಒಟ್ಟು ಹೊರಸೂಸುವಿಕೆಯಾದರೋ ಸುಮಾರು 1 ಕೋಟಿ 43 ಲಕ್ಷ ಟನ್ನು, 2019ಕ್ಕಿಂತ ಶೇ. 48ರಷ್ಟು ಅಧಿಕ, ಡೇಟಾ ಸೆಂಟರುಗಳ ವಿದ್ಯುತ್ತೂ ಪೂರೈಕೆದಾರರ ಹೊಗೆಯೂ ಕಾರಣವೆಂದು ವರದಿಯೇ ಹೇಳಿತು. ತಟಸ್ಥತೆಯ ಹಳೆಯ ಬಿರುದನ್ನೂ ಸಂಸ್ಥೆ ಕೈಬಿಟ್ಟಿತು.

2001ರ ಆ ನಿಯಮಾವಳಿಯನ್ನು ಪರಿಷ್ಕರಿಸುವ ಕಾರ್ಯದಲ್ಲಿ ಗಂಟೆಗಂಟೆಯ ಲೆಕ್ಕವೇ ವಿವಾದದ ವಿಷಯವಾಗಿದೆ. ಗೂಗಲ್ ಅದರ ಪಕ್ಷ ವಹಿಸಿದರೆ, ಅಮೆಜಾನ್, ಮೆಟಾ ಮೊದಲಾದ ಕಂಪನಿಗಳು, ಹೊಸ ಪವನ ಸೌರ ಸ್ಥಾವರಗಳು ಎಲ್ಲಿ ನಿಂತರೆ ಹೆಚ್ಚು ಹೊಗೆ ತಗ್ಗುವುದೋ ಅದನ್ನೇ ಎಣಿಸಬೇಕೆಂದು ವಾದಿಸುತ್ತವೆ. ಆ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಯಂತ್ರಗಳ ನೆರೆಯಲ್ಲಿ ಉಸಿರಾಡುವ ಜನರಿಗೆ ದೂರದ ಉಳಿತಾಯದಿಂದ ತಮ್ಮೂರಿನ ಹೊಗೆಯ ವಿಚಾರ ತಿಳಿಯಲಾರದಾದುದರಿಂದ, ನಾನು ಗಂಟೆಗಂಟೆಯ ಲೆಕ್ಕವನ್ನೇ ಬಯಸುವೆನು.